ಗೌಟ್ ಹಂಗೇ ಬಿಟ್ಟುಬಿಟ್ರೆ ಮುಂದೆ ಏನಾಗುತ್ತೆ, ಚಿಕಿತ್ಸೆ ಹೇಗೆ

(ತೀರ್ಥಹಳ್ಳಿ ಹತ್ರ ಅಡಿಕೆ ಬೆಳೆಗಾರರ ಸಭೆಯೊಂದರಲ್ಲಿ ಡಾಕ್ಟರೊಬ್ಬರು ಆಡಿದ ಮಾತು, ರೆಕಾರ್ಡಿಂಗ್ ಕೇಳಿ ಬರೆದಿದ್ದು)

ಗೌಟ್ ಅನ್ನೋ ಕೀಲಿನ ಕಾಯಿಲೆ ಬಂದು ಕಾಲಿನ ಹೆಬ್ಬೆರಳ ಬುಡ ಊದಿಕೊಂಡು ಕೆಂಪಗಾಗಿ, ಹೊದ್ದಿರೋ ಬೆಡ್‌ಶೀಟ್ ತಾಗಿದ್ರೂ ಕೂಗಿಕೊಳ್ಳೋ ಹಂಗೆ ನೋವಾದಾಗ ಡಾಕ್ಟರ ಹತ್ರ ಹೋಗಿ ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಬೆಳಗಾಗೋದನ್ನೇ ಕಾಯ್ತಾ ಇರ್ತೀರ. ಹಾಗಾಗಿ ಆ ರಾತ್ರಿ ಬಗ್ಗೆ ನಾನು ಜಾಸ್ತಿ ಹೇಳೋದಿಲ್ಲ. ನಾನು ಹೇಳ್ಬೇಕು ಅಂತ ಬಂದಿರೋದು ಅದಾದ ಮೇಲಿನ ಆರು ತಿಂಗಳು, ಒಂದು ವರ್ಷದ ಬಗ್ಗೆ. ಕಾಲು ಪೂರ್ತಿ ಸರಿ ಇದೆ, ತೋಟಕ್ಕೆ ಹೋಗ್ತಿದೀರ, ಮದುವೆ ಮನೇಲಿ ಓಡಾಡ್ತಿದೀರ, ಗೌಟ್ ಅನ್ನೋದು ನೆನಪೇ ಇಲ್ಲ. ಕೀಲು ಹಾಳಾಗೋದು ಆ ಟೈಮಲ್ಲಿ.

ಈ ಕಾಯಿಲೆಯ ಅಟ್ಯಾಕ್‌ಗೆ ಒಂದು ಸ್ವಭಾವ ಇದೆ. ನೀವು ಏನೂ ಮಾಡದೆ ಸುಮ್ನೆ ಮಲಗಿದ್ರೂ ಒಂದು ವಾರ, ಹೆಚ್ಚಂದ್ರೆ ಎರಡು ವಾರದಲ್ಲಿ ಅದು ತಾನಾಗೇ ಇಳಿದುಹೋಗುತ್ತೆ. ಈಗ ಯೋಚನೆ ಮಾಡಿ, ಮೂರನೇ ದಿನ ಯಾರೋ ಹೇಳಿದ್ರು ಅಂತ ಲಕ್ಕಿ ಸೊಪ್ಪು ಬಿಸಿ ಮಾಡಿ ಕಟ್ಟಿದ್ರಿ, ಏಳನೇ ದಿನ ನೋವು ಹೋಯ್ತು, ಆ ಹೆಸರು ಲಕ್ಕಿ ಸೊಪ್ಪಿಗೆ ಹೋಗುತ್ತೆ. ಇನ್ನೊಬ್ರು ಪೇಟೆಗೆ ಹೋಗಿ ಒಂದು ಇಂಜೆಕ್ಷನ್ ಹಾಕಿಸಿಕೊಂಡ್ರು, ಇನ್ನೊಬ್ರು ಸಂತೇಲಿ ಸಿಗೋ ಕೀಲುನೋವಿನ ಪುಡಿ ತಗೊಂಡ್ರು, ಎಲ್ರಿಗೂ ವಾಸಿಯಾಯ್ತು. ಮುಂದಿನ ಸಲ ಬಂದಾಗ ಮತ್ತೆ ಅದನ್ನೇ ಮಾಡ್ತಾರೆ. ಹಿಂಗೆ ಹತ್ತು ವರ್ಷ ಕಳೆದುಹೋಗುತ್ತೆ ಮಾರಾಯ್ರೆ, ಹತ್ತು ವರ್ಷ. ಲಕ್ಕಿ ಸೊಪ್ಪು ಕಟ್ಟಿ, ನಂಗೇನೂ ಬೇಜಾರಿಲ್ಲ, ಬಿಸಿ ತಾಗಿದ್ರೆ ಕೆಲವ್ರಿಗೆ ಹಾಯೆನಿಸ್ಬಹುದು, ಆದ್ರೆ ಒಳಗಿರೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಒಳಗೆ ಏನಿದೆ ಅಂತ ಹೇಳ್ತೀನಿ. ನಮ್ಮ ಮೈಯಲ್ಲಿ ದಿನಾ ಜೀವಕೋಶಗಳು ಸಾಯ್ತಾ ಹೊಸದು ಹುಟ್ತಾ ಇರುತ್ತೆ, ಆ ಹಳೇ ಕೋಶದೊಳಗಿನ ಪ್ಯೂರಿನ್ ಅನ್ನೋ ವಸ್ತು ಒಡೆದು ಕೊನೆಗೆ ಯೂರಿಕ್ ಆಸಿಡ್ ಆಗುತ್ತೆ. ಸುಮಾರು ಮೂರರಲ್ಲಿ ಎರಡು ಪಾಲು ಹಿಂಗೆ ಮೈಯೊಳಗೇ ಆಗೋದು, ಉಳಿದ ಒಂದು ಪಾಲು ಮಾತ್ರ ಊಟದಿಂದ. ದನ, ನಾಯಿ, ಬೆಕ್ಕು ಇಂಥ ಪ್ರಾಣಿಗಳಿಗೆ ಇದನ್ನ ಇನ್ನೂ ಒಡೆದು ಹೊರಗೆ ಹಾಕೋ ಯೂರಿಕೇಸ್ ಅನ್ನೋ ಕಿಣ್ವ ಇದೆ, ಮನುಷ್ಯರಿಗೆ ಅದು ಇಲ್ಲ. ಹಾಗಾಗಿ ಕಿಡ್ನಿ ಮೇಲೇ ಭಾರ. ಗೌಟ್ ಇರೋರಲ್ಲಿ 100ಕ್ಕೆ ಸುಮಾರು 90 ಜನಕ್ಕೆ ತೊಂದರೆ ಇರೋದು ಜಾಸ್ತಿ ಉತ್ಪತ್ತಿ ಆಗೋದ್ರಿಂದಲ್ಲ, ಕಿಡ್ನಿ ಅದನ್ನ ಸಾಕಷ್ಟು ಹೊರಗೆ ಹಾಕದೆ ಇರೋದ್ರಿಂದ, ಅದರಲ್ಲಿ ಬಹಳಷ್ಟು ಹುಟ್ಟಿನಿಂದ, ಅಪ್ಪ ಅಮ್ಮನ ಕಡೆಯಿಂದ ಬಂದಿರುತ್ತೆ. ಇದನ್ನ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ, ಗೌಟ್ ಬಂತು ಅಂದ ಕೂಡ್ಲೆ ಮನೆಯವ್ರೆಲ್ಲ ಸೇರಿ ಆ ಮನುಷ್ಯನಿಗೆ "ನಿನ್ನ ಬಾಯಿ ಚಪಲದಿಂದ ಬಂದಿದ್ದು" ಅಂತ ಬೈಯೋಕೆ ಶುರು ಮಾಡ್ತಾರೆ. ದಯವಿಟ್ಟು ಬೈಬೇಡಿ. ಜನ್ಮದಲ್ಲಿ ಮೀನು ಮಾಂಸ ಮುಟ್ಟದ ಭಟ್ರಿಗೂ ಗೌಟ್ ಬರುತ್ತೆ, ನಾನು ನೋಡಿದೀನಿ.

ರಕ್ತದಲ್ಲಿ ಯೂರಿಕ್ ಆಸಿಡ್ ಒಂದು ಮಟ್ಟದವರೆಗೆ ಕರಗಿ ಇರುತ್ತೆ, 100 ಮಿಲಿಲೀಟರ್ ರಕ್ತಕ್ಕೆ 6.8 ಮಿಲಿಗ್ರಾಂ ಅನ್ನೋ ಲೆಕ್ಕ, ಅದರ ಮೇಲೆ ಹೋದ್ರೆ ಹರಳು ಕಟ್ಟೋಕೆ ಶುರು. ನಿಮ್ಮನೇಲಿ ಜೋನಿ ಬೆಲ್ಲ ಡಬ್ಬದಲ್ಲಿ ಇಟ್ಟಿರ್ತೀರಲ್ಲ, ಮೇಲೆ ನೀರಾಗೇ ಇರುತ್ತೆ, ಚಳಿ ಬಿದ್ದಾಗ ತಳದಲ್ಲಿ ಕೈ ಹಾಕಿದ್ರೆ ಹರಳು ಹರಳು ಸಿಗುತ್ತೆ, ಇದೂ ಹಾಗೇನೇ. ತಣ್ಣಗಿರೋ ಜಾಗದಲ್ಲಿ ಮೊದಲು ಕಟ್ಟುತ್ತೆ. ಮೈಯಲ್ಲಿ ತಣ್ಣಗಿರೋ ಜಾಗ ಯಾವುದು ಹೇಳಿ, ಪಾದ, ಬೆರಳ ತುದಿ, ಕಿವಿಯ ಅಂಚು. ಹಾಗಾಗೇ ಹೆಬ್ಬೆರಳು ಮೊದಲು. ಆಗಸ್ಟ್ ಹೊತ್ತಲ್ಲಿ ಇಡೀ ದಿನ ಒದ್ದೆ ಗಂಬೂಟಿನೊಳಗೆ ಕಾಲಿಟ್ಟುಕೊಂಡು ತೋಟಕ್ಕೆ ಔಷಧಿ ಹೊಡೆಸ್ತಾ ನಿಂತಿರ್ತೀರ, ಮಳೆಗಾಲ ಅಂತ ನೀರೂ ಸರಿಯಾಗಿ ಕುಡಿದಿರಲ್ಲ, ಅವತ್ತು ರಾತ್ರಿ ಎರಡು ಗಂಟೆಗೆ ಕಾಲು ಹಿಡ್ಕೊಂಡು ಏಳ್ತೀರ.

ಈಗ ಆ ನೋವು ಇಳೀತು ಅಂದ್ಕೊಳ್ಳಿ. ಹರಳು ಎಲ್ಲಿ ಹೋಯ್ತು? ಎಲ್ಲೂ ಹೋಗಿಲ್ಲ, ಅಲ್ಲೇ ಕೂತಿದೆ. ಮೈಯ ಬಿಳಿರಕ್ತಕಣಗಳು ಅದರ ಮೇಲೆ ಬಿದ್ದು ಗಲಾಟೆ ಮಾಡಿದ್ದು ಮಾತ್ರ ನಿಂತಿದೆ. ನೋವೇ ಇಲ್ಲದ ಕೀಲಿನಿಂದ ಸೂಜಿ ಹಾಕಿ ನೀರು ತೆಗೆದು ವಿಶೇಷ ಮೈಕ್ರೋಸ್ಕೋಪ್ ಕೆಳಗೆ ಇಟ್ರೂ ಹರಳು ಕಾಣುತ್ತೆ, 1961ರಲ್ಲಿ ಮೆಕಾರ್ಟಿ ಮತ್ತು ಹಾಲಂಡರ್ ಅನ್ನೋ ಅಮೆರಿಕದ ಇಬ್ಬರು ಡಾಕ್ಟರುಗಳು ಕೀಲಿನ ನೀರಿನಲ್ಲಿ ಯೂರೇಟ್, ಅಂದ್ರೆ ಈ ಯೂರಿಕ್ ಆಸಿಡ್ ಹರಳು ಗುರುತಿಸೋ ಈ ವಿಧಾನ ತೋರಿಸಿಕೊಟ್ಟ ಮೇಲೆ ಗೌಟ್ ಹೌದೋ ಅಲ್ವೋ ಅಂತ ಖಚಿತ ಮಾಡ್ಕೊಳ್ಳೋಕೆ ಇವತ್ತಿಗೂ ಅದೇ ದೊಡ್ಡ ಪರೀಕ್ಷೆ. ಆ ಹರಳು ಕೂತಲ್ಲೇ ಸಣ್ಣಗೆ ಉರಿಯೂತ ನಡೆಸ್ತಾ ಇರುತ್ತೆ, ಮೂಳೆಯ ಅಂಚನ್ನ ತಿಂತಾ ಇರುತ್ತೆ. ನಿಮಗೆ ಗೊತ್ತೇ ಆಗಲ್ಲ.

ಮೊದಲ ಅಟ್ಯಾಕ್ ಆಗಿ ಚಿಕಿತ್ಸೆ ತಗೊಳ್ಳದ 100 ಜನರಲ್ಲಿ ಸುಮಾರು 60 ಜನಕ್ಕೆ ಒಂದು ವರ್ಷದೊಳಗೆ ಎರಡನೇದು ಬರುತ್ತೆ. ಶುರುವಲ್ಲಿ ವರ್ಷಕ್ಕೊಂದು, ಆಮೇಲೆ ಮೂರು ನಾಲ್ಕು, ಒಂದೇ ಹೆಬ್ಬೆರಳು ಇದ್ದಿದ್ದು ಹಿಮ್ಮಡಿ ಗಂಟು, ಮಂಡಿ, ಮೊಣಕೈ, ಮಣಿಕಟ್ಟು ಅಂತ ಹಬ್ಬುತ್ತೆ. ಎರಡು ಅಟ್ಯಾಕ್ ಮಧ್ಯದ ಆರಾಮಿನ ದಿನಗಳು ಕಡಿಮೆ ಆಗ್ತಾ ಆಗ್ತಾ ಒಂದು ದಿನ ಆರಾಮೇ ಇರಲ್ಲ, ಯಾವಾಗ್ಲೂ ಸ್ವಲ್ಪ ನೋವು, ಸ್ವಲ್ಪ ಬಿಗಿತ.

ಸರಾಸರಿ ಹತ್ತು ವರ್ಷದ ಆಸುಪಾಸಿನಲ್ಲಿ ಗಂಟು ಕಾಣಿಸಿಕೊಳ್ಳುತ್ತೆ, ಅದಕ್ಕೆ ಟೋಫಸ್ ಅಂತೀವಿ. ಮೊಣಕೈ ಹಿಂದೆ, ಬೆರಳ ಗಿಣ್ಣಿನ ಮೇಲೆ, ಕಿವಿ ಅಂಚಲ್ಲಿ, ಹಿಮ್ಮಡಿ ಹಿಂದಿನ ಸ್ನಾಯುರಜ್ಜಿನ (ಮಾಂಸಖಂಡವನ್ನ ಮೂಳೆಗೆ ಕಟ್ಟಿರೋ ಹುರಿ) ಮೇಲೆ. ಮುಟ್ಟಿದ್ರೆ ನೋವಿರಲ್ಲ, ಅದಕ್ಕೇ ಜನ ಕೊಬ್ಬಿನ ಗಂಟು ಅಂತ ಸುಮ್ನಾಗ್ತಾರೆ. 1679ರಲ್ಲಿ ಹಾಲೆಂಡಿನ ಲೇವನ್‌ಹುಕ್, ಮೈಕ್ರೋಸ್ಕೋಪಿನ ಹೆಸರು ಬಂದಾಗೆಲ್ಲ ನೆನಪಾಗೋ ಅದೇ ಮನುಷ್ಯ, ಇಂಥ ಒಂದು ಗಂಟಿನೊಳಗಿನ ಬಿಳಿ ವಸ್ತುವನ್ನ ಗಾಜಿನ ಕೆಳಗಿಟ್ಟು ನೋಡಿ ಸೂಜಿ ಆಕಾರದ ಕಡ್ಡಿಗಳು ಇವೆ ಅಂತ ಬರೆದಿಟ್ಟಿದ್ದ, ಅದೇನು ಅಂತ ಅವನಿಗೆ ಆವಾಗ ಗೊತ್ತಿರಲಿಲ್ಲ.

ಒಬ್ಬರು ಯಜಮಾನ್ರು ನನ್ನ ಹತ್ರ ಬಂದಿದ್ರು, ಊರು ಹೆಸರು ಬೇಡ, ಅರವತ್ತರ ಆಸುಪಾಸು, ಒಳ್ಳೆ ತೋಟ, ಕೈಯಲ್ಲಿ ಅಡಿಕೆ ಸುಲಿಯೋ ಮೆಟ್ಟುಗತ್ತಿ ಹಿಡಿಯೋಕೆ ಆಗದೆ ಎಷ್ಟೋ ವರ್ಷ ಆಗಿತ್ತು. ಎರಡೂ ಕೈ ಬೆರಳುಗಳು ಗಂಟುಗಟ್ಟಿ ಸೊಟ್ಟಗಾಗಿದ್ವು, ಶರಟಿನ ಗುಂಡಿ ಹಾಕಿಕೊಡೋಕೆ ಮನೆಯವ್ರೇ ಬೇಕು. ಅವ್ರು ಬಂದಿದ್ದು ಅದಕ್ಕಲ್ಲ, ಪಾದದ ಮೇಲಿನ ಗಂಟು ಒಡೆದು ಬಿಳಿ ಮುದ್ದೆ ಹೊರಗೆ ಬರ್ತಿತ್ತು, ಗಾಯ ಮಾಯ್ತಾ ಇರಲಿಲ್ಲ, ಅದಕ್ಕೆ. ಎಕ್ಸ್‌ರೇ ತೆಗೆಸಿದ್ರೆ ಬೆರಳ ಮೂಳೆ ಅಂಚಲ್ಲಿ ಕಚ್ಚಿ ತೆಗೆದ ಹಾಗೆ ಗುಂಡಿಗಳು. ಎಷ್ಟು ವರ್ಷದಿಂದ ಅಂತ ಕೇಳಿದ್ರೆ "ಮಗಳ ಮದುವೆ ವರ್ಷ ಮೊದಲು ಬಂದಿದ್ದು ಡಾಕ್ಟ್ರೆ, ಬಂದಾಗೆಲ್ಲ ಇಂಜೆಕ್ಷನ್ ತಗೊಂಡ್ರೆ ಹೋಗ್ತಿತ್ತು" ಅಂದ್ರು. ಮಗಳ ಮಗ ಅವತ್ತು ಅವರನ್ನ ಬೈಕಲ್ಲಿ ಕೂರಿಸಿಕೊಂಡು ಬಂದಿದ್ದ. ಅಷ್ಟು ವರ್ಷದಲ್ಲಿ ಒಬ್ಬರೇ ಒಬ್ಬರು ಅವರಿಗೆ ಯೂರಿಕ್ ಆಸಿಡ್ ಇಳಿಸೋ ಮಾತ್ರೆ ಬರೆದುಕೊಟ್ಟು, ಇದನ್ನ ಬಿಡಬೇಡಿ ಅಂತ ಕೂರಿಸಿ ಹೇಳಿರಲಿಲ್ಲ. ನಂಗೆ ಇದು ಬಹಳ ನೋವಿನ ವಿಷಯ, ಯಾಕಂದ್ರೆ ಇದು ತಡೆಯೋಕೆ ಆಗದ ಕಾಯಿಲೆ ಅಲ್ಲ. ಕೀಲಿನ ಕಾಯಿಲೆಗಳಲ್ಲಿ ಇಷ್ಟು ಚೆನ್ನಾಗಿ ಹತೋಟಿಗೆ ಬರೋದು ಇನ್ನೊಂದಿಲ್ಲ ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಗಂಟು ಇನ್ನೂ ಏನೇನು ಮಾಡುತ್ತೆ ಅಂದ್ರೆ, ಮಣಿಕಟ್ಟಲ್ಲಿ ಕೂತು ಅಲ್ಲಿ ಹಾದುಹೋಗೋ ನರ ಒತ್ತಿ ಬೆರಳು ಜೋಮು ಹಿಡಿಸುತ್ತೆ, ಬೆರಳು ಮಡಿಸೋ ಸ್ನಾಯುರಜ್ಜು ಅಂಟಿಕೊಂಡುಬಿಡುತ್ತೆ, ಅಪರೂಪಕ್ಕೆ ಬೆನ್ನುಹುರಿ ಹತ್ರಾನೂ ಕಟ್ಟುತ್ತೆ. ಒಡೆದ ಗಂಟಿಗೆ ಸೋಂಕು ತಗುಲಿದ್ರೆ, ಅದರಲ್ಲೂ ಶುಗರ್ ಇರೋರಿಗೆ, ಬೆರಳು ಉಳಿಸಿಕೊಳ್ಳೋದೇ ಕಷ್ಟ. ಆಪರೇಷನ್ ಮಾಡಿ ತೆಗೆದುಬಿಡಿ ಅಂತ ಕೇಳ್ತಾರೆ. ತೆಗೆಯಬಹುದು, ಸೋಂಕಾಗಿದ್ರೆ ಅಥವಾ ನರ ಒತ್ತುತಾ ಇದ್ರೆ ತೆಗೀಲೇಬೇಕು, ಆದ್ರೆ ಆ ಗಾಯ ಮಾಯೋದು ನಿಧಾನ, ಮತ್ತೆ ರಕ್ತದಲ್ಲಿ ಯೂರಿಕ್ ಆಸಿಡ್ ಮೇಲೇ ಇದ್ರೆ ಪಕ್ಕದಲ್ಲೇ ಇನ್ನೊಂದು ಬರುತ್ತೆ. ಮಾತ್ರೆಯಿಂದ ಮಟ್ಟ ಇಳಿಸಿ ಇಟ್ರೆ ಎಷ್ಟೋ ಗಂಟು ತಿಂಗಳುಗಟ್ಟಲೆ, ವರ್ಷಗಟ್ಟಲೆ ತಗೊಂಡು ತಾನಾಗೇ ಕರಗುತ್ತೆ.

ಇನ್ನು ಕಿಡ್ನಿ. ಮೂತ್ರದಲ್ಲಿ ಆಮ್ಲ ಜಾಸ್ತಿ ಇದ್ದಾಗ ಯೂರಿಕ್ ಆಸಿಡ್ ಅಲ್ಲೂ ಕಲ್ಲಾಗುತ್ತೆ. ಈ ಕಲ್ಲು ಮಾಮೂಲಿ ಎಕ್ಸ್‌ರೇಯಲ್ಲಿ ಕಾಣಲ್ಲ, ಸ್ಕ್ಯಾನಿಂಗಲ್ಲೇ ಕಾಣೋದು, ಎಕ್ಸ್‌ರೇ ಕ್ಲಿಯರ್ ಇದೆ ಅಂತ ಸೊಂಟದ ನೋವಿನ ಮಾತ್ರೆ ನುಂಗ್ತಾ ಕೂತವ್ರು ಇದ್ದಾರೆ. ಒಳ್ಳೇ ವಿಷಯ ಏನಂದ್ರೆ ಬೇರೆ ಕಲ್ಲುಗಳ ಹಾಗಲ್ಲದೆ ಇದನ್ನ ಪೊಟ್ಯಾಶಿಯಂ ಸಿಟ್ರೇಟ್ ಕೊಟ್ಟು ಮೂತ್ರದ ಆಮ್ಲ ತಗ್ಗಿಸಿ, ಚೆನ್ನಾಗಿ ನೀರು ಕುಡಿಸಿ ಕರಗಿಸೋಕೆ ಆಗುತ್ತೆ. ಬಾಳೆದಿಂಡು ತಿಂದ್ರೆ ಕಲ್ಲು ಹೋಗುತ್ತೆ ಅಂತ ನಮ್ಮ ಕಡೆ ಎಲ್ರೂ ಹೇಳ್ತಾರೆ, ಪಲ್ಯ ಮಾಡಿ ತಿನ್ನಿ, ಒಳ್ಳೇ ನಾರು, ಆದ್ರೆ ಅದನ್ನ ನಂಬಿಕೊಂಡು ಸ್ಕ್ಯಾನಿಂಗ್ ಮುಂದಕ್ಕೆ ಹಾಕ್ಬೇಡಿ.

ಕಲ್ಲಿಗಿಂತ ನಂಗೆ ಹೆದರಿಕೆ ಆಗೋದು ಕಿಡ್ನಿಯ ಕೆಲಸ ನಿಧಾನಕ್ಕೆ ಕುಗ್ಗೋದು, ಅದಕ್ಕೆ ಅರ್ಧ ಕಾರಣ ನೋವಿನ ಮಾತ್ರೆ. ಡೈಕ್ಲೋಫೆನಾಕ್, ಎಟೋರಿಕಾಕ್ಸಿಬ್, ಇವೆಲ್ಲ ಐದಾರು ದಿನಕ್ಕೆ ಸರಿ, ಕಿಡ್ನಿ ಹೊಟ್ಟೆ ಹಾರ್ಟ್ ಚೆನ್ನಾಗಿರೋರಿಗೆ. ವರ್ಷಕ್ಕೆ ಆರೆಂಟು ಸಲ ಅಟ್ಯಾಕ್ ಆಗಿ, ಆವಾಗೆಲ್ಲ ಮೆಡಿಕಲ್ ಶಾಪಿಂದ ಒಂದು ಸ್ಟ್ರಿಪ್ ತಂದು ಮುಗಿಸಿದ್ರೆ ಗೌಟ್ ಮಾಡದ ಹಾನೀನ ಮಾತ್ರೆ ಮಾಡುತ್ತೆ. ಇನ್ನು ಹೆಸರಿಲ್ಲದ ಪುಡಿಗಳು. ಕೆಲವು ಪುಡಿಗಳಲ್ಲಿ ಸ್ಟೆರಾಯ್ಡ್ ಕಲಬೆರಕೆ ಇರುತ್ತೆ, ಅದಕ್ಕೇ ಎರಡೇ ದಿನಕ್ಕೆ ಮ್ಯಾಜಿಕ್ ಆದಂಗೆ ನೋವು ಹೋಗೋದು. ವರ್ಷಗಟ್ಟಲೆ ತಿಂದವ್ರ ಮುಖ ಉಬ್ಬಿರುತ್ತೆ, ಶುಗರ್ ಏರಿರುತ್ತೆ, ಮೂಳೆ ಟೊಳ್ಳಾಗಿರುತ್ತೆ, ದಿಢೀರಂತ ನಿಲ್ಲಿಸಿದ್ರೆ ಎದ್ದು ನಿಲ್ಲೋಕೆ ಆಗಲ್ಲ. ಅಂಥ ಪುಡಿ ತಗೊಳ್ತಿರೋರು ಇಲ್ಲಿ ಯಾರಾದ್ರೂ ಇದ್ರೆ ಮನೆಗೆ ಹೋಗಿ ಬಿಸಾಡ್ಬೇಡಿ, ಡಬ್ಬ ಸಮೇತ ಡಾಕ್ಟರ ಹತ್ರ ಹೋಗಿ, ನಿಧಾನಕ್ಕೆ ಬಿಡಿಸಬೇಕಾಗುತ್ತೆ.

ಹಾರ್ಟಿನ ವಿಷಯ ಚಿಕ್ಕದಾಗಿ ಹೇಳ್ತೀನಿ. ಗೌಟ್ ಇರೋರಲ್ಲಿ ಬಿಪಿ, ಶುಗರ್, ಹೃದಯದ ಕಾಯಿಲೆ ಜಾಸ್ತಿ, ಮತ್ತೆ 2022ರಲ್ಲಿ ಬಂದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ ಗೌಟ್ ಅಟ್ಯಾಕ್ ಆದ ಮೇಲಿನ ಸುಮಾರು ನಾಲ್ಕು ತಿಂಗಳು ಹಾರ್ಟ್ ಅಟ್ಯಾಕ್ ಮತ್ತು ಸ್ಟ್ರೋಕ್ ಸಂಭವ ಹೆಚ್ಚಿರುತ್ತೆ ಅಂತ ಕಂಡುಬಂತು. ಗೌಟ್ ಬಂತು ಅಂದ್ರೆ ಬಿಪಿ, ಶುಗರ್, ಕೊಲೆಸ್ಟರಾಲ್, ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್, ನಾಲ್ಕನ್ನೂ ನೋಡಿಸಿ.

ಹೆಣ್ಣುಮಕ್ಕಳು ನಮಗಲ್ಲ ಇದು ಅಂತ ಕೂತಿದೀರ. ಮುಟ್ಟು ನಿಲ್ಲೋವರೆಗೆ ಈಸ್ಟ್ರೋಜನ್ ಹಾರ್ಮೋನು ಕಿಡ್ನಿಗೆ ಸಹಾಯ ಮಾಡ್ತಾ ಇರುತ್ತೆ, ಆಮೇಲೆ ಆ ರಕ್ಷಣೆ ಇರಲ್ಲ. ಐವತ್ತೈದು ಅರವತ್ತರಲ್ಲಿ ಬಿಪಿಗೆ ಅಂತ ನೀರಿನ ಮಾತ್ರೆ, ಹೈಡ್ರೋಕ್ಲೋರೋಥಯಾಜೈಡ್ ಅಂತ ಇರುತ್ತೆ ಸ್ಟ್ರಿಪ್ ಮೇಲೆ, ಅದು ಶುರು ಆದ್ಮೇಲೆ ಬೆರಳ ತುದಿ ಗಿಣ್ಣು ಊದೋರು ಇದ್ದಾರೆ, ವಯಸ್ಸಾಯ್ತು ಸಂಧಿವಾತ ಅಂತ ಎಲ್ರೂ ಸುಮ್ನಿರ್ತಾರೆ. ಮಾತ್ರೆ ನೀವೇ ನಿಲ್ಲಿಸಬೇಡಿ, ಕೇಳಿ. ಬಿಪಿಗೇ ಲೊಸಾರ್ಟಾನ್ ಅನ್ನೋ ಬೇರೆ ಮಾತ್ರೆ ಇದೆ, ಅದು ಯೂರಿಕ್ ಆಸಿಡನ್ನ ಸ್ವಲ್ಪ ಇಳಿಸುತ್ತೆ ಕೂಡ. ಟಿಬಿ ಮಾತ್ರೆಗಳಲ್ಲಿ ಪೈರಾಜಿನಮೈಡ್ ಕೂಡ ಇದನ್ನ ಏರಿಸುತ್ತೆ, ಆದ್ರೆ ಟಿಬಿ ಕೋರ್ಸ್ ಅಂತೂ ಯಾವ ಕಾರಣಕ್ಕೂ ಅರ್ಧಕ್ಕೆ ಬಿಡ್ಬಾರದು.

ಚಿಕಿತ್ಸೆಗೆ ಬರ್ತೀನಿ. ಇಲ್ಲಿ ಎರಡು ಬೇರೆ ಬೇರೆ ಕೆಲಸ ಇದೆ, ನಮ್ಮಲ್ಲಿ ಮೊದಲನೇದು ಮಾತ್ರ ಆಗ್ತಿದೆ. ಮೊದಲನೇದು ಅಟ್ಯಾಕ್ ತಗ್ಗಿಸೋದು. ಅದಕ್ಕೆ ನೋವಿನ ಮಾತ್ರೆ, ಅಥವಾ ಕಾಲ್ಚಿಸಿನ್, ಅಥವಾ ನಾಲ್ಕೈದು ದಿನ ಸ್ಟೆರಾಯ್ಡ್ ಮಾತ್ರೆ, ಈ ಮೂರರಲ್ಲಿ ನಿಮ್ಮ ಕಿಡ್ನಿ, ಶುಗರ್, ಹೊಟ್ಟೆ ನೋಡಿ ಡಾಕ್ಟರು ಒಂದನ್ನ ಆರಿಸ್ತಾರೆ. ಎಷ್ಟು ಬೇಗ ಶುರು ಮಾಡಿದ್ರೆ ಅಷ್ಟು ಒಳ್ಳೇದು. ಐಸ್ ಇಡಿ, ಕಾಲು ಎತ್ತರಕ್ಕೆ ಇಡಿ. ಒಂದು ಎಚ್ಚರಿಕೆ, ಕೀಲು ಊದಿ ಜೊತೆಗೆ ಚಳಿಜ್ವರ ಬಂದ್ರೆ ಅದು ಗೌಟ್ ಅಲ್ಲದೆ ಕೀಲಿನೊಳಗೆ ಕೀವು ಆಗಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗ್ಬೇಕು, ಗೌಟ್ ಇದೆ ಅಂತ ಗೊತ್ತಿರೋರೂ ಸಹ.

ಕಾಲ್ಚಿಸಿನ್ ಅಂದಾಗ ಒಂದು ಮಾತು ನೆನಪಾಯ್ತು, ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ ಆದ್ರೂ ಹೇಳ್ಬೇಕು. ನಮ್ಮ ಬೇಲಿ ಮೇಲೆ ಮಳೆಗಾಲದಲ್ಲಿ ಕೆಂಪು ಹಳದಿ ಹೂ ಬಿಡುತ್ತಲ್ಲ, ಗೌರಿ ಹೂ, ಅಗ್ನಿಶಿಖೆ ಅಂತಾನೂ ಕರೀತಾರೆ. ಆ ಗಿಡದ ಗಡ್ಡೆಯಲ್ಲಿ, ಬೀಜದಲ್ಲಿ ಇರೋದು ಇದೇ ಕಾಲ್ಚಿಸಿನ್, ತಮಿಳುನಾಡಿನಲ್ಲಿ ಬೀಜಕ್ಕೋಸ್ಕರ ಹೊಲದಲ್ಲೇ ಬೆಳೀತಾರೆ. ಹಾಗಂತ ಯಾರೂ ಗಡ್ಡೆ ಕಿತ್ತು ಅರೆದು ಕುಡಿಯೋಕೆ ಹೋಗ್ಬೇಡಿ. ಮಾತ್ರೇಲಿ ಇರೋದು ಅರ್ಧ ಮಿಲಿಗ್ರಾಂ, ಕಿತ್ತ ಗಡ್ಡೇಲಿ ಎಷ್ಟಿದೆ ಅಂತ ಮನೇಲಿ ಅಳೆಯೋಕೆ ಆಗಲ್ಲ, ಜಾಸ್ತಿ ಆದ್ರೆ ವಾಂತಿ ಭೇದಿಯಿಂದ ಶುರುವಾಗಿ ಜೀವ ಹೋಗುತ್ತೆ, ಕೊಡೋಕೆ ಮದ್ದಿಲ್ಲ. ಮಾತ್ರೆಯಲ್ಲೂ ಅಷ್ಟೇ, ಮೊದಲ ದಿನ ಮೂರು ಮಾತ್ರೆಗಿಂತ ಜಾಸ್ತಿ ಬೇಡ, ಕಿಡ್ನಿ ತೊಂದರೆ ಇದ್ರೆ ಅದಕ್ಕಿಂತ ಕಡಿಮೆ. ಹಿಂದೆ ಭೇದಿ ಆಗೋವರೆಗೆ ಗಂಟೆಗೊಂದು ನುಂಗಿ ಅಂತಿದ್ರು, ಆ ಪದ್ಧತಿ ಈಗಿಲ್ಲ. ಕ್ಲಾರಿಥ್ರೋಮೈಸಿನ್ ಅನ್ನೋ ಆಂಟಿಬಯಾಟಿಕ್ ಜೊತೆ ಇದನ್ನ ತಗೊಳ್ಳಲೇಬಾರದು.

ಎರಡನೇ ಕೆಲಸ, ನಾನು ಇಲ್ಲಿಗೆ ಬಂದಿದ್ದೇ ಇದಕ್ಕೋಸ್ಕರ, ಯೂರಿಕ್ ಆಸಿಡನ್ನ 6ಕ್ಕಿಂತ ಕೆಳಗೆ ಇಳಿಸಿ ಅಲ್ಲೇ ಇಡೋದು. ಗಂಟು ಇರೋರಿಗೆ 5ಕ್ಕಿಂತ ಕೆಳಗೆ. 6.8ರ ಕೆಳಗೆ ಇದ್ರೆ ಹೊಸ ಹರಳು ಕಟ್ಟಲ್ಲ, ಹಳೇದು ಕರಗೋಕೆ ಶುರು, ಎಷ್ಟು ಕೆಳಗೋ ಅಷ್ಟು ಬೇಗ. ವರ್ಷಕ್ಕೆ ಎರಡು ಅಥವಾ ಜಾಸ್ತಿ ಅಟ್ಯಾಕ್ ಆಗೋರು, ಗಂಟು ಇರೋರು, ಎಕ್ಸ್‌ರೇಯಲ್ಲಿ ಮೂಳೆ ಸವೆದಿರೋರು, ಇವ್ರೆಲ್ಲ ಖಂಡಿತ ತಗೋಬೇಕು. ಮೊದಲ ಅಟ್ಯಾಕಲ್ಲೇ ಕಿಡ್ನಿ ದುರ್ಬಲ ಇದ್ರೆ, ಕಲ್ಲು ಆಗಿದ್ರೆ, ಮಟ್ಟ 9ರ ಮೇಲಿದ್ರೆ ಆವಾಗ್ಲೇ ಶುರು ಮಾಡೋದು ಒಳ್ಳೇದು.

ಇದಕ್ಕೆ ಹಳೇ, ಕಡಿಮೆ ಬೆಲೆಯ, ಒಳ್ಳೇ ಮಾತ್ರೆ ಅಲೋಪ್ಯೂರಿನಾಲ್. ಗರ್ಟ್ರೂಡ್ ಎಲಿಯನ್ ಅನ್ನೋ ಹೆಣ್ಣುಮಗಳು ಮತ್ತು ಜಾರ್ಜ್ ಹಿಚಿಂಗ್ಸ್ ಅಮೆರಿಕದಲ್ಲಿ ಇದರ ಮೇಲೆ ಕೆಲಸ ಮಾಡಿದ್ದು ರಕ್ತದ ಕ್ಯಾನ್ಸರಿನ ಇನ್ನೊಂದು ಔಷಧಿ ಮೈಯಲ್ಲಿ ಬೇಗ ಒಡೆದುಹೋಗದೆ ಇರಲಿ ಅಂತ. ನೋಡಿದ್ರೆ ಯೂರಿಕ್ ಆಸಿಡ್ ಇಳೀತಿತ್ತು. 1966ರಲ್ಲಿ ಗೌಟ್‌ಗೆ ಅಂತ ಒಪ್ಪಿಗೆ ಸಿಕ್ತು. ಎಲಿಯನ್‌ಗೆ ಡಾಕ್ಟರೇಟ್ ಓದು ಮುಗಿಸೋಕೆ ಆಗಿರಲಿಲ್ಲ, ಹುಡುಗಿ ಅಂತ ಲ್ಯಾಬಲ್ಲಿ ಕೆಲಸ ಸಿಗೋದೇ ಕಷ್ಟ ಆಗಿತ್ತು, 1988ರಲ್ಲಿ ನೊಬೆಲ್ ಬಂತು. ಇಲ್ಲಿ ಪಿಯುಸಿ ಸೈನ್ಸ್ ಓದ್ತಿರೋ ಮಕ್ಕಳು ಕೂತಿದಾರೆ ಅಂತ ಇದನ್ನ ಹೇಳಿದೆ.

ಅಲೋಪ್ಯೂರಿನಾಲನ್ನ 100 ಮಿಲಿಗ್ರಾಂನಿಂದ ಶುರು ಮಾಡ್ಬೇಕು, ಕಿಡ್ನಿ ದುರ್ಬಲ ಇದ್ರೆ 50. ಆಮೇಲೆ ರಕ್ತ ಪರೀಕ್ಷೆ ಮಾಡ್ತಾ, ತಿಂಗಳಿಗೊಂದು ಸಲ ಅಂದ್ಕೊಳ್ಳಿ, ಸ್ವಲ್ಪ ಸ್ವಲ್ಪ ಏರಿಸ್ತಾ ಹೋಗಿ 6ರ ಕೆಳಗೆ ಬರೋವರೆಗೆ ನಿಲ್ಲಿಸಬಾರದು. ಕೆಲವ್ರಿಗೆ 200 ಸಾಕು, ಬಹಳ ಜನಕ್ಕೆ 300ಕ್ಕಿಂತ ಜಾಸ್ತಿ ಬೇಕಾಗುತ್ತೆ. ನಾನು ದಿನಾ ನೋಡೋ ತಪ್ಪು ಏನಂದ್ರೆ ಐದು ವರ್ಷದಿಂದ 100ರಲ್ಲೇ ಇದ್ದಾರೆ, ಒಂದು ಸಲಾನೂ ರಕ್ತ ಪರೀಕ್ಷೆ ಆಗಿಲ್ಲ, ಮಟ್ಟ 8.4, "ಮಾತ್ರೆ ತಗೊಂಡ್ರೂ ಅಟ್ಯಾಕ್ ಬರುತ್ತೆ, ಉಪಯೋಗ ಇಲ್ಲ" ಅಂತಾರೆ. ಮಾತ್ರೆ ತಪ್ಪಲ್ಲ, ಅಳತೆ ಸಾಲದು. ಫೆಬುಕ್ಸೊಸ್ಟಾಟ್ ಇನ್ನೊಂದು ಮಾತ್ರೆ, ಅದಕ್ಕೂ ಇದೇ ಮಾತು, 40ರಲ್ಲಿ ಇಳೀದಿದ್ರೆ 80. ಅದರ ಬಗ್ಗೆ 2018ರಲ್ಲಿ ಕೇರ್ಸ್ ಅನ್ನೋ ಅಧ್ಯಯನದಲ್ಲಿ ಹೃದಯದ ಸಾವು ಸ್ವಲ್ಪ ಜಾಸ್ತಿ ಕಂಡಿತ್ತು, 2020ರ ಫಾಸ್ಟ್ ಅಧ್ಯಯನದಲ್ಲಿ ಹಂಗೆ ಕಾಣಲಿಲ್ಲ. ಹಾಗಾಗಿ ಹಾರ್ಟ್ ತೊಂದರೆ ಇರೋರಿಗೆ ನಾನು ಮೊದಲು ಅಲೋಪ್ಯೂರಿನಾಲನ್ನೇ ಕೊಡ್ತೀನಿ.

ಈಗ ಹೇಳೋದನ್ನ ಮಾತ್ರ ಗಮನ ಇಟ್ಟು ಕೇಳಿ, ಬೇರೆ ಏನು ಮರೆತ್ರೂ ಪರವಾಗಿಲ್ಲ. ಈ ಮಾತ್ರೆ ಶುರು ಮಾಡಿದ ಮೊದಲ ಕೆಲವು ತಿಂಗಳು ಅಟ್ಯಾಕ್ ಜಾಸ್ತಿ ಆಗಬಹುದು. ಹಳೇ ಹರಳು ಕರಗೋಕೆ ಶುರುವಾದಾಗ ಅಲುಗಾಡುತ್ತೆ, ಮೈ ಮತ್ತೆ ಅದರ ಮೇಲೆ ಬೀಳುತ್ತೆ. ಜನ ಇಲ್ಲೇ ಬಿಡೋದು. "ಡಾಕ್ಟ್ರು ಕೊಟ್ಟ ಮಾತ್ರೆಯಿಂದಾನೇ ನೋವು ಬಂತು" ಅಂತ ಬಿಸಾಕಿ ಮತ್ತೆ ಇಂಜೆಕ್ಷನ್ನಿಗೆ ಹೋಗ್ತಾರೆ. ಅದು ಮಾತ್ರೆ ಕೆಲಸ ಮಾಡ್ತಾ ಇರೋದರ ಗುರುತು. ಇದನ್ನ ತಡೆಯೋಕೆ ಅಂತಾನೇ ಮೊದಲ ಮೂರರಿಂದ ಆರು ತಿಂಗಳು ಜೊತೆಗೆ ಕಾಲ್ಚಿಸಿನ್ ಅರ್ಧ ಮಿಲಿಗ್ರಾಂ ದಿನಕ್ಕೆ ಒಂದೋ ಎರಡೋ ಕೊಡ್ತೀವಿ. ಅಟ್ಯಾಕ್ ಬಂದ್ರೆ ಅದಕ್ಕೆ ಬೇರೆ ಔಷಧಿ ತಗೊಳ್ಳಿ, ಅಲೋಪ್ಯೂರಿನಾಲ್ ಮಾತ್ರ ಒಂದು ದಿನಾನೂ ನಿಲ್ಲಿಸಬೇಡಿ.

ನಿಲ್ಲಿಸಬೇಕಾಗಿರೋದು ಒಂದೇ ಸಂದರ್ಭದಲ್ಲಿ, ಮೈಮೇಲೆ ದದ್ದು, ತುರಿಕೆ, ಬಾಯಿ ಹುಣ್ಣು, ಜ್ವರ ಕಂಡ್ರೆ. ಅಪರೂಪ, ಆದ್ರೆ ಬಂದ್ರೆ ಅಪಾಯ, ಹೆಚ್ಚಾಗಿ ಮೊದಲ ಎರಡು ತಿಂಗಳಲ್ಲೇ ಆಗೋದು. ಅವತ್ತೇ ಮಾತ್ರೆ ನಿಲ್ಲಿಸಿ ಅವತ್ತೇ ಬಸ್ ಹತ್ತಿ. ಕಡಿಮೆಯಿಂದ ಶುರು ಮಾಡೋದು ಇದಕ್ಕೂ ಒಂದು ಕಾರಣ. ರೋಗನಿರೋಧಕ ಶಕ್ತಿ ತಗ್ಗಿಸೋ ಅಝಥಯೋಪ್ರಿನ್ ಅನ್ನೋ ಮಾತ್ರೆ ತಗೊಳ್ಳೋರು ಇದ್ರೆ ಮೊದಲೇ ಹೇಳಿ, ಎರಡೂ ಸೇರಬಾರದು.

2018ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಒಂದು ಪ್ರಯೋಗ ಪ್ರಕಟ ಆಯ್ತು. ಗೌಟ್ ಇರೋ 517 ಜನರಲ್ಲಿ ಅರ್ಧ ಜನಕ್ಕೆ ಮಾಮೂಲಿ ಹಾಗೆ ಡಾಕ್ಟರು, ಇನ್ನರ್ಧ ಜನಕ್ಕೆ ತರಬೇತಿ ಆದ ನರ್ಸ್‌ಗಳು ಕಾಯಿಲೆ ಏನು ಅಂತ ಕೂರಿಸಿ ವಿವರಿಸಿ, ಮಟ್ಟ ನೋಡ್ತಾ ಮಾತ್ರೆ ಏರಿಸಿದ್ರು. ಎರಡು ವರ್ಷ ಆದ್ಮೇಲೆ ನರ್ಸ್‌ಗಳ ಕಡೆ 100ಕ್ಕೆ 95 ಜನ 6ರ ಕೆಳಗಿದ್ರು, ಇನ್ನೊಂದು ಕಡೆ 30. ಔಷಧಿ ಎರಡೂ ಕಡೆ ಹಳೇದೇ. ನಮ್ಮ ತಾಲ್ಲೂಕುಗಳಲ್ಲಿ ಗೌಟ್‌ಗೆ ಅಂತ ಸ್ಪೆಷಲಿಸ್ಟ್ ಇಲ್ಲ ಅಂತ ಕೊರಗೋ ಅಗತ್ಯ ಇಲ್ಲ ಅಂತ ನಂಗೆ ಅನ್ಸಿದ್ದು ಇದನ್ನ ಓದಿದ ಮೇಲೆ, ವಿವರಿಸಿ ಹೇಳೋರು ಮತ್ತೆ ಬಿಡದೆ ನೋಡ್ತಾ ಇರೋರು ಬೇಕು ಅಷ್ಟೇ, ನಮ್ಮ ಹತ್ತಿರದ ಆಸ್ಪತ್ರೆಯ ಸಿಸ್ಟರ್‌ಗಳು ಇದನ್ನ ಖಂಡಿತ ಮಾಡಬಲ್ಲರು.

ಊಟದ ಪ್ರಶ್ನೆ ಎಲ್ರ ಮುಖದಲ್ಲೂ ಕಾಣ್ತಿದೆ. ಎಷ್ಟೇ ಪಥ್ಯ ಮಾಡಿದ್ರೂ ಊಟದಿಂದ ಇಳಿಯೋದು ಸುಮಾರು ಒಂದು ಪಾಯಿಂಟ್. 9.5 ಇರೋರು ಬರೀ ಪಥ್ಯದಿಂದ 6ಕ್ಕೆ ಬರಲ್ಲ. ಆದ್ರೂ ಬಿಯರ್ ಬಿಡಿ, ಎಲ್ಲಕ್ಕಿಂತ ಕೆಟ್ಟದ್ದು ಅದು, ಹಾಟ್ ಡ್ರಿಂಕ್ಸೂ ಒಳ್ಳೇದಲ್ಲ. ಬಾಟಲಿ ಜ್ಯೂಸು, ಕೋಲಾ ಬಿಡಿ, ಅದರ ಸಕ್ಕರೆ ಯೂರಿಕ್ ಆಸಿಡ್ ಏರಿಸುತ್ತೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಲಿವರ್, ಬೋಟಿ, ಬೂತಾಯಿ, ಬಂಗುಡೆ, ಸಿಗಡಿ, ಒಣಮೀನು ಕಡಿಮೆ ಮಾಡಿ. ಮೊದಲ ಮಳೆಗೆ ಹತ್ತುಮೀನು ಹಿಡ್ಕೊಂಡು ಬಂದು ರಾತ್ರಿಯೆಲ್ಲ ಕೂತು ತಿಂದು ಜೊತೆಗೆ ಕುಡಿದು ಮೂರನೇ ದಿನ ಬರ್ತಾರೆ ನನ್ನ ಹತ್ರ, ಬೀಗರೂಟದ ಮಾರನೇ ವಾರ ಅಂತೂ ಕೇಳೋದೇ ಬೇಡ. ತಿನ್ನಲೇಬೇಡಿ ಅನ್ನಲ್ಲ, ಒಂದೆರಡು ತುಂಡು ತಿಂದು ಏಳಿ.

ಬೇಳೆ, ಅಣಬೆ, ಪಾಲಕ್ ಬಿಡಬೇಕಾ? ಬೇಡ. ಅವುಗಳಲ್ಲೂ ಪ್ಯೂರಿನ್ ಇದೆ ನಿಜ, ಆದ್ರೆ 2004ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ತರಕಾರಿಯ ಪ್ಯೂರಿನ್‌ನಿಂದ ಗೌಟ್ ಹೆಚ್ಚಾಗಲಿಲ್ಲ, ಹಾಲು ಮೊಸರು ತಗೊಳ್ಳೋರಲ್ಲಿ ಕಡಿಮೇನೇ ಇತ್ತು. ಬೇಳೆ ಬಿಟ್ಟು ಬರೀ ಗಂಜಿ ಉಪ್ಪಿನಕಾಯಲ್ಲಿ ಇದ್ದು ಸೊರಗಿದ ವಯಸ್ಸಾದವ್ರನ್ನ ನೋಡಿ ಬೇಜಾರಾಗುತ್ತೆ. ಆಸಿಡ್ ಅಂತ ಹೆಸರಲ್ಲಿ ಇದೆ ಅಂತ ಹುಣಸೆ, ನಿಂಬೆ, ಮುರುಗಲು, ಅಪ್ಪೆಮಿಡಿ ಎಲ್ಲ ಬಿಡಿಸಿರ್ತಾರೆ, ನಾಲಿಗೆಯ ಹುಳಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಸಕ್ಕರೆ ಕಡಿಮೆ ಹಾಕಿ ಕಾಫಿ ಕುಡೀರಿ. ಮಜ್ಜಿಗೆ ಧಾರಾಳ. ಕಿಡ್ನಿ ಹಾರ್ಟ್ ತೊಂದರೆ ಇಲ್ಲಾಂದ್ರೆ ದಿನಕ್ಕೆ ಎರಡೂವರೆ ಮೂರು ಲೀಟರ್ ನೀರು, ಮಳೆಗಾಲದಲ್ಲೂ. ನೀರೂ ಕುಡಿಯದ ಏಕಾದಶಿ ಉಪವಾಸದ ಮಾರನೇ ದಿನ ಅಟ್ಯಾಕ್ ಆಗೋದು ಉಂಟು, ಗೌಟ್ ಇರೋರು ಉಪವಾಸ ಮಾಡಿದ್ರೂ ನೀರು ಹಾಲು ಬಿಡಬೇಡಿ. ತೂಕ ಇಳಿಸೋದಾದ್ರೂ ನಿಧಾನಕ್ಕೆ.

ಹಿಂದೆ ಕೂತಿರೋ ಒಬ್ಬರು ಕೇಳ್ತಿದಾರೆ, ಹೆಲ್ತ್ ಚೆಕಪ್‌ನಲ್ಲಿ ಯೂರಿಕ್ ಆಸಿಡ್ 7.6 ಬಂದಿದೆ, ಯಾವ ನೋವೂ ಇಲ್ಲ, ಮಾತ್ರೆ ಬರೆದುಕೊಟ್ಟಿದಾರೆ, ತಗೋಬೇಕಾ ಅಂತ. ಗೌಟ್ ಆಗದೆ, ಕಲ್ಲಿಲ್ಲದೆ, ಬರೀ ನಂಬರ್ ಜಾಸ್ತಿ ಇರೋ ಹೆಚ್ಚಿನವರಿಗೆ ಮಾತ್ರೆ ಬೇಡ, ಅವರಲ್ಲಿ ಬಹಳ ಜನಕ್ಕೆ ಜೀವನದಲ್ಲೇ ಗೌಟ್ ಬರಲ್ಲ. ಬರೆದುಕೊಟ್ಟವರ ಹತ್ರಾನೇ ಹೋಗಿ ಯಾಕೆ ಅಂತ ಕೇಳಿ. ಹಿಮ್ಮಡಿ ನೋವಿಗೆ, ಬೆನ್ನುನೋವಿಗೆ ಯೂರಿಕ್ ಆಸಿಡ್ ಟೆಸ್ಟ್ ಮಾಡಿಸಿ ಅದರ ಮೇಲೆ ಹಾಕೋದೂ ನಡೀತಿದೆ. ಇದಕ್ಕೆ ಉಲ್ಟಾನೂ ಇದೆ, ಅಟ್ಯಾಕ್ ನಡೀತಿರೋವಾಗ ಟೆಸ್ಟ್ ಮಾಡಿಸಿದ್ರೆ ಎಷ್ಟೋ ಸಲ ನಾರ್ಮಲ್ ಬರುತ್ತೆ, ಗೌಟ್ ಅಲ್ಲ ಅಂತ ಬಿಟ್ಟುಬಿಡ್ತಾರೆ. ನೋವು ಇಳಿದು ಎರಡು ವಾರ ಆದ್ಮೇಲೆ ಮತ್ತೆ ಮಾಡಿಸಿ.

ಇನ್ನೊಂದು ಪ್ರಶ್ನೆ, ಎಷ್ಟು ದಿನ ಮಾತ್ರೆ? ಬಿಪಿ ಮಾತ್ರೆ ಹಾಗೆ, ಜೀವನಪೂರ್ತಿ. 6ರ ಕೆಳಗೆ ಬಂದ ಮೇಲೆ ಆರು ತಿಂಗಳಿಗೊಂದು ಸಲ ರಕ್ತ ಪರೀಕ್ಷೆ ಸಾಕು, ಅದರ ಜೊತೆ ಕ್ರಿಯಾಟಿನಿನ್. ಎರಡು ವರ್ಷ ಅಟ್ಯಾಕ್ ಇಲ್ಲ ಅಂತ ನಿಲ್ಲಿಸಿದ್ರೆ ಕೆಲವೇ ವಾರದಲ್ಲಿ ನಂಬರ್ ಹಳೇ ಜಾಗಕ್ಕೆ ವಾಪಸ್, ಕಾಲು ನೋಯೋಕೆ ಮಾತ್ರ ಇನ್ನೂ ತಿಂಗಳುಗಳು ಹಿಡಿಯುತ್ತೆ, ಅಷ್ಟರಲ್ಲಿ ಒಳಗೆ ಹರಳು ಕಟ್ಟಿಯಾಗಿರುತ್ತೆ. ನಾನು ಆಗ ಹೇಳಿದ ಯಜಮಾನ್ರಿಗೂ ಇದೇ ಮಾತ್ರೆ, ನಿಧಾನಕ್ಕೆ ಏರಿಸಿ ಕೊಟ್ಟಿದ್ದು, ಪಾದದ ಗಾಯ ಮಾಯ್ತು, ಮೊಣಕೈ ಗಂಟು ಅರ್ಧಕ್ಕಿಂತ ಜಾಸ್ತಿ ಇಳಿದಿದೆ, ಅಟ್ಯಾಕ್ ನಿಂತಿದೆ. ಸೊಟ್ಟಗಾದ ಬೆರಳು ನೆಟ್ಟಗಾಗಲಿಲ್ಲ, ತಿಂದುಹೋದ ಮೂಳೆ ವಾಪಸ್ ಬರಲ್ಲ.